ಹಾಸನ, ಚಿಕ್ಕಮಗಳೂರಿನ ವ್ಯಾಲರಂಟ್ ಆಟಗಾರರಿಗೆ ಬಹಿರಂಗ ಪತ್ರ

ಇವರಿಗೆ:
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ವ್ಯಾಲರಂಟ್ ಆಟಗಾರರು, ಗೇಮಿಂಗ್ ಕೆಫೆ ನಡೆಸುವವರು, ಕಾಲೇಜು ಫೆಸ್ಟ್‌ಗಳಲ್ಲಿ ಪಂದ್ಯಾವಳಿ ಏರ್ಪಡಿಸುವ ವಿದ್ಯಾರ್ಥಿ ಸಮಿತಿಗಳು.

ಮಾನ್ಯರೇ,

ನಾನು ಹಾಸನದವಳು. ಹಗಲು ಲೆಕ್ಕಪತ್ರ ನೋಡುವ ಕೆಲಸ, ರಾತ್ರಿ ಊಟವಾದ ಮೇಲೆ ವ್ಯಾಲರಂಟ್ ಎಂಬ ಕಂಪ್ಯೂಟರ್ ಶೂಟಿಂಗ್ ಆಟ. ತಂಡದಲ್ಲಿ ಸ್ಮೋಕ್, ಅಂದರೆ ಎದುರಿನವರಿಗೆ ಕಾಣದ ಹಾಗೆ ಹೊಗೆ ಹಾಕುವುದು ನನ್ನ ಪಾಲಿನ ಕೆಲಸ. ಹೆಚ್ಚಾಗಿ ಓಮೆನ್ ಎಂಬ ಪಾತ್ರ ಆಡುತ್ತೇನೆ, ಮ್ಯಾಪ್ (ಆಟದ ಅಖಾಡ) ನೋಡಿಕೊಂಡು ಬ್ರಿಮ್‌ಸ್ಟೋನ್. ಜೊತೆಗೆ ಆಡುವವರು ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನವರು. ಕೆಲವರು ಇಂಜಿನಿಯರಿಂಗ್ ಓದುವ ಹುಡುಗರು, ಒಬ್ಬರು ಮೆಡಿಕಲ್ ಸ್ಟೋರ್ ನಡೆಸುತ್ತಾರೆ, ಇನ್ನೊಬ್ಬರದು ಕಾಫಿ ತೋಟ. ನಮ್ಮ ಕಡೆ ಈ ಆಟವನ್ನು ಎಷ್ಟು ಚೆನ್ನಾಗಿ ಆಡುವವರಿದ್ದಾರೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಗುರಿ ಇದೆ, ಕೈ ಚುರುಕಿದೆ. ಆದರೂ ಐವರು ಕೂತರೆ ತಂಡ ಆಗುವುದಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋಗುತ್ತೇವೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿ ನೋಡಿದ್ದಾಯಿತು. ಆ ಕ್ಷಣಕ್ಕೆ "ಸರಿ ಅಕ್ಕ" ಅನ್ನುತ್ತಾರೆ, ಮುಂದಿನ ಪಂದ್ಯದಲ್ಲಿ ಮತ್ತದೇ ಹಾಡು. ಹಾಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ದೂರು ಸೋಲಿನ ಬಗ್ಗೆ ಅಲ್ಲವೇ ಅಲ್ಲ. ಎದುರಿನವರು ನಮಗಿಂತ ಚೆನ್ನಾಗಿ ಆಡಿದರೆ ಸೋಲಬೇಕು, ಸೋಲುತ್ತೇವೆ. ನನಗೆ ಸಂಕಟವಾಗುವುದು ಸುತ್ತು ಶುರುವಾಗುವ ಮೊದಲೇ, ಖರೀದಿಗೆ ಸಿಗುವ ಆ 30 ಸೆಕೆಂಡಿನಲ್ಲೇ ನಾವು ಪಂದ್ಯ ಕೈಬಿಡುವುದನ್ನು ನೋಡಿದಾಗ. ಯಾವ ಗನ್ ಕೊಳ್ಳಬೇಕು, ಯಾವಾಗ ಕೊಳ್ಳಬಾರದು ಅನ್ನುವುದು ಐವರೂ ಸೇರಿ ತೀರ್ಮಾನಿಸಬೇಕಾದ ವಿಷಯ. ನಮ್ಮಲ್ಲಿ ಅದು ಒಬ್ಬೊಬ್ಬರ ಹಟಕ್ಕೆ ಬಿಟ್ಟದ್ದಾಗಿದೆ. ಆಮೇಲಿನ ಬೈಗುಳ, ಜಗಳ, "ಇನ್ನು ನಿಮ್ಮ ಜೊತೆ ಆಡಲ್ಲ" ಅನ್ನುವ ಮಾತು ಬಹುಪಾಲು ಹುಟ್ಟುವುದು ಅಲ್ಲಿಂದಲೇ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮಗ ರಾತ್ರಿಯಿಡೀ ಇಯರ್‌ಫೋನ್ ಹಾಕಿಕೊಂಡು ಏನು ಕೂಗುತ್ತಾನೆ ಎಂದು ತಿಳಿಯದ ಅಪ್ಪ ಅಮ್ಮಂದಿರೂ ಇದನ್ನು ಓದಲಿ ಎಂಬ ಆಸೆ ನನಗಿದೆ. ಐವರಿಗೆ ಐವರು ಎದುರಾಗುವ ಆಟ ಇದು, 2020ರ ಜೂನ್‌ನಲ್ಲಿ ಬಂತು. ಒಂದು ತಂಡ ಸ್ಪೈಕ್ ಎಂಬ ಬಾಂಬನ್ನು ಗೊತ್ತಾದ ಜಾಗದಲ್ಲಿ ಇಡಬೇಕು, ಇನ್ನೊಂದು ತಂಡ ತಡೆಯಬೇಕು. 12 ಸುತ್ತಾದ ಮೇಲೆ ಪಾಳಿ ಬದಲು, 13 ಸುತ್ತು ಮೊದಲು ಗೆದ್ದವರಿಗೆ ಪಂದ್ಯ. ಪ್ರತಿ ಸುತ್ತಿಗೂ ಮೊದಲು ಕೈಲಿರುವ ಕ್ರೆಡಿಟ್‌ನಲ್ಲಿ ಗನ್, ಶೀಲ್ಡ್, ತಮ್ಮ ಪಾತ್ರದ ವಿದ್ಯೆಗಳನ್ನು ಕೊಳ್ಳಬೇಕು. ಈ ಕ್ರೆಡಿಟ್ ಆಟದೊಳಗಿನದು ಮಾತ್ರ, ನಿಜವಾದ ದುಡ್ಡಲ್ಲ.

ಈಗ ಒಂದು ಲೆಕ್ಕ ಕೊಡುತ್ತೇನೆ, ದಯವಿಟ್ಟು ಬೇಸರಿಸದೆ ಓದಿ. ಮೊದಲ ಸುತ್ತಿಗೆ ಎಲ್ಲರ ಕೈಲೂ 800. ಅದನ್ನು ಪಿಸ್ತೂಲಿಗೆ, ವಿದ್ಯೆಗೆ ಖರ್ಚು ಮಾಡಿ ಸೋತೆವು ಅಂದುಕೊಳ್ಳಿ. ಸೋತವರಿಗೆ ತಲಾ 1900 ಸಿಗುತ್ತದೆ, ಗೆದ್ದವರಿಗೆ 3000. ಎರಡನೇ ಸುತ್ತಿನಲ್ಲಿ ಏನೂ ಕೊಳ್ಳದೆ ಸುಮ್ಮನಿದ್ದು ಸೋತರೆ, ಸತತ ಎರಡನೇ ಸೋಲಿಗೆ 2400. ಅಲ್ಲಿಗೆ ಮೂರನೇ ಸುತ್ತಿಗೆ ತಲಾ 4300 ಆಯಿತು. ರೈಫಲ್‌ಗಳಲ್ಲಿ ವ್ಯಾಂಡಲ್ ಆಗಲಿ ಫ್ಯಾಂಟಮ್ ಆಗಲಿ 2900, ದೊಡ್ಡ ಶೀಲ್ಡ್ 1000, ಇನ್ನೂ 400 ವಿದ್ಯೆಗೆ ಉಳಿಯುತ್ತದೆ. ಐವರೂ ಪೂರ್ತಿ ಸಜ್ಜಾಗಿ ನಿಲ್ಲಬಹುದು. ಆದರೆ ನಮ್ಮಲ್ಲೊಬ್ಬರು ಎರಡನೇ ಸುತ್ತಿನಲ್ಲಿ ತಡೆಯಲಾರದೆ 1600 ಕೊಟ್ಟು ಸ್ಪೆಕ್ಟರ್ ಗನ್ ತೆಗೆದುಕೊಳ್ಳುತ್ತಾರೆ. ಉಳಿದದ್ದು 300. ಸೋತ ಮೇಲೆ 2400 ಸೇರಿ 2700. ಬರಿಯ ವ್ಯಾಂಡಲ್‌ಗೂ ಸಾಲದು! ಮಿಕ್ಕ ನಾಲ್ವರ ಕೈಲಿ ತಲಾ 400 ಮಾತ್ರ ಮಿಗುವುದರಿಂದ ಅವರೂ ಇವರಿಗೊಂದು ಗನ್ ಕೊಡಿಸಲಾರರು. ಸಾಲದ್ದಕ್ಕೆ ಎರಡನೇ ಸುತ್ತಿನಲ್ಲಿ ಇವರು ಸತ್ತಾಗ ಆ ಸ್ಪೆಕ್ಟರ್ ಎದುರಿನವರ ಕೈ ಸೇರಿರುತ್ತದೆ. ಒಬ್ಬರ ಆತುರ, ಎರಡು ಸುತ್ತಿನ ನಷ್ಟ.

ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಹಾಸನದ ಒಂದು ಕೆಫೆಯಲ್ಲಿ ಐದು ಕುರ್ಚಿ ಸಾಲಾಗಿ ಹಾಕಿಕೊಂಡು ಆಡುತ್ತಿದ್ದಾಗ ನನ್ನ ಪಕ್ಕದ ಹುಡುಗ ಮಾಡಿದ್ದು ಇದನ್ನೇ. "ಸೇವ್ ಮಾಡಪ್ಪ, ಎಲ್ಲರೂ ಸೇವ್" ಎಂದು ಮೂರು ಜನ ಹೇಳಿದೆವು. ಅವನ ಬೆರಳು ಮೌಸ್ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ, "ಇರ್ಲಿ ಬಿಡಿ, ನಾನೊಬ್ನೇ ಮೂರು ಜನನ್ನ ಹೊಡೀತೀನಿ" ಅಂದ. ಮೊದಲ ತಿರುವಿನಲ್ಲೇ ಬಿದ್ದ. ಮೂರನೇ ಸುತ್ತಿನಲ್ಲಿ ನಾವು ನಾಲ್ವರು ರೈಫಲ್ ಹಿಡಿದು ನಿಂತಾಗ ಅವನೂ ಗನ್ ಬೇಡತೊಡಗಿದ. ಯಾರೂ ಕೊಡಲಿಲ್ಲ, ಕೊಡುವ ಹಾಗಿರಲಿಲ್ಲ. "ನೋಡಿ, ಒಬ್ರೂ ಡ್ರಾಪ್ ಮಾಡಲ್ಲ" ಎಂದು ಮುನಿಸಿಕೊಂಡ. ಆ ಮುನಿಸು ಕೊನೆಯವರೆಗೂ ಇಳಿಯಲಿಲ್ಲ. ಆಡುವವನು ಒಳ್ಳೆಯವನೇ, ಕೆಟ್ಟ ಹುಡುಗನಲ್ಲ. ಅವನಿಗೆ ಈ ಲೆಕ್ಕವನ್ನು ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ.

ನಮ್ಮ ಮಲೆನಾಡಿನಲ್ಲಿ ಗದ್ದೆ ನಾಟಿಗೆ ಮುಯ್ಯಾಳು ಅನ್ನುವ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ. ಗನ್ ಕೊಡಿಸುವುದೂ ಅದೇ ಥರದ್ದು. ಹೆಚ್ಚು ಹೊಡೆದವರ ಕೈಲಿ ಕ್ರೆಡಿಟ್ ಮಿಕ್ಕಿರುತ್ತದೆ, ಪ್ರತಿ ಕಿಲ್‌ಗೆ 200 ಸೇರುತ್ತಾ ಹೋಗುತ್ತದೆ. 9000 ಮುಟ್ಟಿದ ಮೇಲೆ ಅದು ಏರುವುದೂ ಇಲ್ಲ. ಕೈತುಂಬ ಇಟ್ಟುಕೊಂಡು ಪಕ್ಕದವರನ್ನು ಪಿಸ್ತೂಲಿನಲ್ಲಿ ಕಳಿಸುವವರನ್ನು ನೋಡಿದರೆ ನನಗೆ ಕೋಪಕ್ಕಿಂತ ದುಃಖ ಹೆಚ್ಚು. ಆಟದೊಳಗಿನ ಅಂಗಡಿಯ ಪರದೆಯಲ್ಲೇ ತಂಡದವರಲ್ಲಿ ಗನ್ ಕೇಳುವ ಸೌಲಭ್ಯ ಇದೆ. ಮುಂದಿನ ಸುತ್ತಿಗೆ ಕೈಲಿ ಕನಿಷ್ಠ ಎಷ್ಟಿರುತ್ತದೆ ಅನ್ನುವುದನ್ನೂ ಅಲ್ಲೇ ಬರೆದು ತೋರಿಸುತ್ತದೆ. ಆ ಅಂಕಿಯ ಕಡೆ ಕಣ್ಣು ಹಾಯಿಸಲು ಒಂದು ಸೆಕೆಂಡ್ ಸಾಕು.

ಅವಿತು ಗನ್ ಉಳಿಸಿಕೊಳ್ಳುವವರ ವಿಷಯಕ್ಕೂ ಲೆಕ್ಕ ಇದೆ. ದಾಳಿಯ ಪಾಳಿಯಲ್ಲಿ ಸ್ಪೈಕ್ ಇಡದೆ ಸುತ್ತು ಸೋತು, ಜೀವ ಮಾತ್ರ ಉಳಿಸಿಕೊಂಡವರಿಗೆ ಸಿಗುವುದು ಬರೀ 1000. ವ್ಯಾಂಡಲ್ ಉಳಿದರೆ ಅದು ಲಾಭವೇ. ಆದರೆ ಸತತ ಮೂರನೇ ಸೋಲಾಗಿದ್ದರೆ ಸತ್ತವರಿಗೆ 2900 ಸಿಗುತ್ತದೆ. ಅವಿತವರು 1900 ಬಿಟ್ಟುಕೊಟ್ಟು 1600ರ ಸ್ಪೆಕ್ಟರ್ ಉಳಿಸಿಕೊಂಡ ಹಾಗಾಯಿತು. ಶೀಲ್ಡ್ ಏಟು ತಿನ್ನದೆ ಉಳಿದಿದ್ದರೆ ಬೇರೆ ಮಾತು. ಇಷ್ಟನ್ನು ಯೋಚಿಸದೆ ಮೂಲೆಯಲ್ಲಿ ಕೂತವರನ್ನು ಉಳಿದವರು ಹೇಡಿ ಅನ್ನುತ್ತಾರೆ, ಯೋಚಿಸಿಯೇ ಕೂತವರನ್ನೂ ಹೇಡಿ ಅನ್ನುತ್ತಾರೆ. ಎರಡೂ ತಪ್ಪು.

ಇನ್ನು ಗನ್‌ಗಳ ಮೇಲೆ ಹಾಕುವ ಶಾಪ. "ಈ ಫ್ಯಾಂಟಮ್ ಸರಿ ಇಲ್ಲ ಗುರು, ತಲೆಗೆ ಬಿದ್ರೂ ಸಾಯಲ್ಲ" ಅನ್ನುವ ಮಾತನ್ನು ಕೇಳದ ರಾತ್ರಿ ಇಲ್ಲ. ಪೂರ್ತಿ ಶೀಲ್ಡ್ ತೊಟ್ಟವರಿಗೆ ಒಟ್ಟು 150 ಪ್ರಾಣ. ವ್ಯಾಂಡಲ್‌ನ ಒಂದು ಗುಂಡು ಎಷ್ಟೇ ದೂರದಿಂದ ತಲೆಗೆ ಬಿದ್ದರೂ 160 ಕಳೆಯುತ್ತದೆ. ಫ್ಯಾಂಟಮ್ ಹತ್ತಿರದಲ್ಲಿ 156, ದೂರ ಹೋದಂತೆ 140ಕ್ಕೆ ಇಳಿಯುತ್ತದೆ. ಅಂದರೆ ದೂರದವನಿಗೆ ಇನ್ನೂ 10 ಪ್ರಾಣ ಉಳಿದಿರುತ್ತದೆ, ಅವನು ತಿರುಗಿ ಹೊಡೆಯುತ್ತಾನೆ. ಗನ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ನಿಂತ ಜಾಗ ಸರಿ ಇರಲಿಲ್ಲ. ಅದೇ ಫ್ಯಾಂಟಮ್‌ಗೆ ವ್ಯಾಂಡಲ್‌ಗಿಲ್ಲದ ಗುಣವೂ ಇದೆ. ಮ್ಯಾಗಜೀನಿನಲ್ಲಿ 25ರ ಬದಲು 30 ಗುಂಡು, ಹೊಡೆಯುವ ವೇಗ ಹೆಚ್ಚು, ಸೈಲೆನ್ಸರ್ ಇರುವುದರಿಂದ ಗುಂಡು ಬಂದ ಗೆರೆ ಎದುರಿನವರಿಗೆ ಕಾಣುವುದಿಲ್ಲ. ಸ್ಮೋಕ್ ಹಾಕಿ ಅದರೊಳಗಿಂದ ಹೊಡೆಯುವ ನನ್ನಂಥವರಿಗೆ ಅದೇ ಸರಿ. ದೂರದ ಮೂಲೆ ಕಾಯುವವರು ವ್ಯಾಂಡಲ್ ಹಿಡಿಯಲಿ, ಇಕ್ಕಟ್ಟಿನಲ್ಲಿ ಕಾಯುವವರು ಫ್ಯಾಂಟಮ್ ಹಿಡಿಯಲಿ. ಯಾರೋ ಪ್ರೊ ಆಟಗಾರ ಯಾವುದನ್ನು ಹಿಡಿದ ಅನ್ನುವುದು ನಮ್ಮ ಸಕಲೇಶಪುರದ ಹುಡುಗ ಎಲ್ಲಿ ನಿಂತಿದ್ದಾನೆ ಅನ್ನುವುದಕ್ಕಿಂತ ಮುಖ್ಯವಾಗಬಾರದು.

ಓಡುತ್ತಾ ಹೊಡೆಯುವುದರ ಬಗ್ಗೆಯೂ ಹೇಳಲೇಬೇಕು. ಮೊಬೈಲ್‌ನಲ್ಲಿ ಬಿಜಿಎಂಐ ಆಡಿ ಬೆಳೆದ ಹುಡುಗರು ಕಂಪ್ಯೂಟರ್ ಮುಂದೆ ಕೂತ ಕೂಡಲೇ ಓಡುತ್ತಲೇ ಟ್ರಿಗರ್ ಒತ್ತುತ್ತಾರೆ. ಈ ಆಟದಲ್ಲಿ ರೈಫಲ್ ಹಿಡಿದು ಓಡುತ್ತಾ ಹೊಡೆದರೆ ಗುಂಡು ಎಲ್ಲೆಂದರಲ್ಲಿ ಚದುರುತ್ತದೆ. ಒಂದು ಕ್ಷಣ ನಿಂತು, ಎದೆ-ತಲೆಯ ಮಟ್ಟಕ್ಕೆ ಗುರಿ ಮೊದಲೇ ಹಿಡಿದು, ಎರಡು ಮೂರು ಗುಂಡು ಬಿಟ್ಟು ಜಾಗ ಬದಲಿಸಬೇಕು. ಇದನ್ನು ಕಲಿಯಲು ಪ್ರಾಕ್ಟೀಸ್ ರೇಂಜ್ ಇದೆ, ಡೆತ್‌ಮ್ಯಾಚ್ ಇದೆ. ರ‍್ಯಾಂಕ್ ಪಂದ್ಯದಲ್ಲಿ ನಾಲ್ವರನ್ನು ಕಟ್ಟಿಕೊಂಡು ಕಲಿಯಬೇಕಾದದ್ದಲ್ಲ.

ಆಪರೇಟರ್ ಎಂಬ ಸ್ನೈಪರ್ ಗನ್ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಗಟ್ಟಿಯಾಗುತ್ತದೆ, ಕ್ಷಮಿಸಿ. 4700ರ ಗನ್ ಅದು, ಶೀಲ್ಡ್ ಸೇರಿದರೆ 5700. ಎದೆಗೆ ಬಿದ್ದರೆ ಸರಿಯಾಗಿ 150, ಒಂದೇ ಗುಂಡಿಗೆ ಪೂರ್ತಿ ಶೀಲ್ಡ್‌ನವರೂ ಬೀಳುತ್ತಾರೆ. ಕಾಲಿಗೆ ಬಿದ್ದರೆ 120, ಸಾಯುವುದಿಲ್ಲ. ಐದು ಗುಂಡಿನ ಮ್ಯಾಗಜೀನ್, ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಬಿಡುವು. ಹೇವನ್ ಮ್ಯಾಪಿನ ಸಿ ಕಡೆಯ ಉದ್ದನೆಯ ದಾರಿಯನ್ನು ಕಾಯುವವರ ಕೈಲಿ ಅದು ಚಿನ್ನ. ಮೊದಲ ಗುಂಡು ತಪ್ಪಿದ ಮೇಲೂ ಅಲ್ಲೇ ನಿಂತು ಎರಡನೆಯದಕ್ಕೆ ಕಾಯುವವರ ಕೈಲಿ ಅದು ಎದುರಿನ ತಂಡಕ್ಕೆ ನಾವೇ ಕೊಟ್ಟ ಉಡುಗೊರೆ. ತಂಡದಲ್ಲಿ ಇಬ್ಬರು ಶೀಲ್ಡ್ ಕೂಡ ಇಲ್ಲದೆ ನಿಂತಿರುವಾಗ ಆಪರೇಟರ್ ಕೊಂಡು, "ನನ್ನ ಕ್ರೆಡಿಟ್, ನನ್ನಿಷ್ಟ" ಅನ್ನುವವರಿಗೆ ಹೇಳುತ್ತೇನೆ: ಆ ಕ್ರೆಡಿಟ್‌ನಲ್ಲಿ ಸುತ್ತು ಗೆದ್ದ 3000 ಐವರ ದುಡಿಮೆ. ಸ್ಪೈಕ್ ಇಟ್ಟಾಗ ಬಂದ 300ಕ್ಕಾಗಿ ಇಟ್ಟವರನ್ನು ಕಾಯುತ್ತಾ ಯಾರೋ ಒಬ್ಬರು ಪ್ರಾಣ ಬಿಟ್ಟಿರುತ್ತಾರೆ.

ಸ್ಕಿನ್, ಅಂದರೆ ನಿಜವಾದ ದುಡ್ಡು ಕೊಟ್ಟು ಗನ್‌ಗೆ ತೊಡಿಸುವ ಅಲಂಕಾರದ ಬಗ್ಗೆ ಚಿಕ್ಕದಾಗಿ. ಬಣ್ಣ, ಸದ್ದು, ಹೊಳಪು ಬದಲಾಗುತ್ತದೆಯೇ ಹೊರತು ಗುಂಡಿನ ಪೆಟ್ಟು ಒಂದಂಕಿಯೂ ಹೆಚ್ಚುವುದಿಲ್ಲ. ಫೀಸಿಗೆಂದು ಮನೆಯಿಂದ ಬಂದ ದುಡ್ಡು ಸ್ಕಿನ್‌ಗೆ ಹೋದದ್ದನ್ನು ನಾನು ಬಲ್ಲೆ. ಖರೀದಿಯ 30 ಸೆಕೆಂಡ್ ಪೂರ್ತಿ "ಆ ರೀವರ್ ವ್ಯಾಂಡಲ್ ನಂಗೆ ಕೊಡು ಮಗಾ" ಅನ್ನುವುದರಲ್ಲೇ ಕಳೆದು, ಎತ್ತ ಹೋಗಬೇಕು ಎಂದು ಮಾತಾಡಿಕೊಳ್ಳದೆ ಗೇಟು ತೆರೆದದ್ದನ್ನೂ ಕಂಡಿದ್ದೇನೆ.

ಗನ್ ಬಿಟ್ಟು ನುಗ್ಗುವ ಕ್ರಮಕ್ಕೆ ಬರೋಣ. ಓಮೆನ್ ಹಾಕುವ ಸ್ಮೋಕ್ ನಿಲ್ಲುವುದು 15 ಸೆಕೆಂಡ್. ಮೊದಲು ನುಗ್ಗಬೇಕಾದ ಪಾತ್ರಗಳಾದ ಜೆಟ್, ರೇನಾ ಆಡುತ್ತೇನೆ ಎಂದು ಎಲ್ಲರಿಗಿಂತ ಮೊದಲು ಲಾಕ್ ಮಾಡಿದವರು ಆ 15 ಸೆಕೆಂಡ್ ಬಾಗಿಲಾಚೆ ನಿಂತು ಇಣುಕುತ್ತಿರುತ್ತಾರೆ. ಸ್ಮೋಕ್ ಕರಗಿದ ಮೇಲೆ ಒಬ್ಬರೇ ನುಗ್ಗಿ ಸಾಯುತ್ತಾರೆ, "ಸ್ಮೋಕ್ ಎಲ್ಲಿ?" ಎಂದು ಕೇಳುತ್ತಾರೆ. ಇನ್ನೊಂದು ಬಗೆಯವರಿದ್ದಾರೆ. ಮೊದಲಿಗರು ಧೈರ್ಯವಾಗಿ ಒಳಗೆ ಹೋಗಿ ಬಿದ್ದಾಗ ಇವರು ಹತ್ತು ಮಾರು ಹಿಂದೆ ಇರುತ್ತಾರೆ. ಎರಡನೆಯವರು ಒಂದೆರಡು ಹೆಜ್ಜೆ ಹಿಂದೆಯೇ ಇದ್ದು, ಮೊದಲಿಗರನ್ನು ಹೊಡೆದವನನ್ನು ಅವನು ಸುಧಾರಿಸಿಕೊಳ್ಳುವ ಮುಂಚೆ ಹೊಡೆಯಬೇಕು. ಟ್ರೇಡ್ ಅನ್ನುವುದು ಇದನ್ನೇ. ಟ್ರೇಡ್ ಮಾಡಲು ಯಾರೂ ಇಲ್ಲದ ಕಡೆ ಬಿದ್ದವರನ್ನು "ಸುಮ್ನೆ ಸಾಯ್ತೀಯ" ಎಂದು ಜರಿಯುವುದು ಅನ್ಯಾಯ. ಸ್ಕೋರ್‌ಬೋರ್ಡಿನಲ್ಲಿ ಕೆಳಗಿರುವವರು ಎಷ್ಟೋ ಸಲ ಎಲ್ಲರಿಗಿಂತ ಮೊದಲು ಒಳಗೆ ಕಾಲಿಟ್ಟವರು.

ಈಗ ನನ್ನ ಪತ್ರದ ಕಹಿ ಭಾಗ. ಈ ಆಟದ ಅರ್ಧ ಜೀವ ಕಿವಿಯಲ್ಲಿದೆ. ಹೆಜ್ಜೆ ಸದ್ದು, ಗನ್ ರೀಲೋಡ್ ಮಾಡುವ ಸದ್ದು, ಸ್ಪೈಕ್ ಬಿಚ್ಚಲು ಕೈಹಾಕಿದ ಸದ್ದು ಎಲ್ಲವೂ ಕೇಳುತ್ತದೆ. 2023ರ ಜನವರಿಯಲ್ಲಿ ಬಂದ ಲೋಟಸ್ ಮ್ಯಾಪ್ ನಿಮಗೆ ಗೊತ್ತು. ಅದರ ಕತೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲೇ, ಅದನ್ನು ಮೊದಲು ಆಡಿದ ರಾತ್ರಿ ನಮ್ಮ ಮೂಡಿಗೆರೆಯ ಗೆಳೆಯರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅಲ್ಲಿ ತಿರುಗುವ ಕಲ್ಲಿನ ಬಾಗಿಲುಗಳಿವೆ. ಯಾರಾದರೂ ತಿರುಗಿಸಿದರೆ ಕಲ್ಲು ಉಜ್ಜುವ ಸದ್ದು ದೂರದವರೆಗೂ ಕೇಳುತ್ತದೆ. ಮೂರು ಜಾಗ ಕಾಯಬೇಕಾದ ಆ ಮ್ಯಾಪಿನಲ್ಲಿ ಎದುರಿನವರು ಎತ್ತ ಹೊರಟರು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸುಳಿವಿಲ್ಲ. ಹಿಂದಿನ ಸುತ್ತಿನ ತಪ್ಪಿಗೆ ಇಬ್ಬರು ಮೈಕಿನಲ್ಲಿ ಕಿತ್ತಾಡುತ್ತಿದ್ದರೆ ಆ ಬಾಗಿಲು ತಿರುಗಿದ್ದು ಯಾರಿಗೆ ಕೇಳಬೇಕು?

ಸಕಲೇಶಪುರದ ಹುಡುಗನೊಬ್ಬನ ಸುತ್ತು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ನಾಲ್ವರೂ ಸತ್ತು ಅವನ ಪರದೆ ನೋಡುತ್ತಿದ್ದೆವು. ಎದುರಿಗೆ ಒಬ್ಬನೇ ಉಳಿದಿದ್ದ, ಸ್ಪೈಕ್ ಇಟ್ಟಾಗಿತ್ತು. ಇಟ್ಟ ಮೇಲೆ ಸಿಡಿಯಲು 45 ಸೆಕೆಂಡ್, ಬಿಚ್ಚಲು 7 ಸೆಕೆಂಡ್, ಅರ್ಧ ಬಿಚ್ಚಿ ಬಿಟ್ಟರೆ ಮುಂದಿನ ಸಲ ಉಳಿದರ್ಧ ಸಾಕು. ಅವನಿಗೆ ಅದೆಲ್ಲ ಗೊತ್ತಿತ್ತು. ಒಮ್ಮೆ ಕೈಹಾಕಿ ಬಿಟ್ಟ, ಎದುರಿನವನು ಸದ್ದಿಗೆ ಹೊರಬರಲಿ ಎಂದು. ಸರಿಯಾದ ಉಪಾಯ. ಆಗಲೇ ಮೈಕಿನಲ್ಲಿ ಮೂರು ದನಿ ಒಟ್ಟಿಗೆ ಎದ್ದವು: "ಬಿಚ್ಚೋ ಬಿಚ್ಚೋ", "ಬಲಗಡೆ ಇದಾನೆ", "ಲೋ ಹಿಂದೆ ನೋಡೋ". ಎದುರಿನವನು ಎಡಗಡೆಯಿಂದ ನಡೆದು ಬಂದ. ಹೆಜ್ಜೆ ಸದ್ದು ನನ್ನ ಹೆಡ್‌ಫೋನಿನಲ್ಲಿ ಕೂಗಿನ ಕೆಳಗೆ ಸಣ್ಣಗೆ ಕೇಳಿತು, ಅವನಿಗೆ ಕೇಳಲಿಲ್ಲ. ಬಿದ್ದ. ಕೂಗಿದವರೇ ಆಮೇಲೆ ಅವನ ತಾಯಿಯ ಹೆಸರೆತ್ತಿ ಬೈದರು. ಅವನು ಏನೂ ಅನ್ನಲಿಲ್ಲ, ಆ ರಾತ್ರಿ ಮತ್ತೆ ಮೈಕ್ ಆನ್ ಮಾಡಲಿಲ್ಲ. ಸತ್ತವರು ಹೇಳಬೇಕಾದದ್ದು ಒಂದೇ ವಾಕ್ಯ: ತಮ್ಮನ್ನು ಹೊಡೆದವನು ಎಲ್ಲಿದ್ದ, ಅವನಿಗೆ ಎಷ್ಟು ಏಟು ಬಿದ್ದಿದೆ. ಆಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಅವರು ಮಾಡಬಹುದಾದ ಸಹಾಯ.

ಹೆಣ್ಣುಮಕ್ಕಳ ದನಿ ಕೇಳಿದಾಗ ಆಗುವುದನ್ನು ಬರೆಯದೆ ಈ ಪತ್ರ ಪೂರ್ತಿಯಾಗದು. ಮುಂಬೈ ಸರ್ವರಿನಲ್ಲಿ ಅಪರಿಚಿತರ ನಡುವೆ ಕನ್ನಡ ಕೇಳಿದಾಗ ಆಗುವ ಸಂತೋಷ ನಿಮಗೆಲ್ಲ ಗೊತ್ತಿದೆ. "ಕನ್ನಡದವ್ರಾ? ಯಾವೂರು?" ಅನ್ನುತ್ತೇವೆ. ಅರಸೀಕೆರೆ, ಕೊಪ್ಪ, ಚನ್ನರಾಯಪಟ್ಟಣ ಎಂಬ ಹೆಸರು ಬಂದರೆ ಮನೆಯವರೇ ಸಿಕ್ಕ ಹಾಗೆ. ಮೂಡಿಗೆರೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೀಗೆ ಊರು ಹೇಳಿದ್ದಕ್ಕೆ, ಮೂರು ಸುತ್ತು ಸೋತ ಮೇಲೆ, ಅದೇ ಕನ್ನಡದಲ್ಲಿ ಅವಳು ಕೇಳಬಾರದ್ದನ್ನೆಲ್ಲ ಕೇಳಬೇಕಾಯಿತು. ಕಿಲ್‌ಜಾಯ್ ಎಂಬ ಪಾತ್ರ ಆಡುವುದರಲ್ಲಿ ನನಗಿಂತ ಅವಳೇ ಮೇಲು. ತಾನೇ ಗುಂಡು ಹಾರಿಸುವ ಟರೆಟ್ ಅನ್ನು ಯಾವ ಮೂಲೆಗೆ ಇಟ್ಟರೆ ಎದುರಿನವರ ಬೆನ್ನು ಸಿಗುತ್ತದೆ ಅನ್ನುವುದು ಅವಳ ಕೈಬೆರಳಿಗೆ ಗೊತ್ತು. ಈಗ ಅವಳು ಮಾತೇ ಆಡದೆ ಮ್ಯಾಪಿನ ಮೇಲೆ ಗುರುತು ಹಾಕುತ್ತಾ ಆಡುತ್ತಾಳೆ. ನಾಲ್ಕು ಸೆಕೆಂಡಿನಲ್ಲಿ ಹೇಳಬಹುದಾದ್ದನ್ನು ತಂಡಕ್ಕೆ ಹೇಳಲಾಗದೆ ಸೋಲುತ್ತಾಳೆ. ಬೈದವರಿಗೆ ನನ್ನದೊಂದು ಮಾತು: ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳೆದುರು ನಿಂತು ಆಡಲಾರದ ಮಾತನ್ನು ಹೆಡ್‌ಫೋನ್ ಮರೆಯಲ್ಲಿ ಆಡಬೇಡಿ. ಪಕ್ಕದಲ್ಲಿ ಕೇಳಿಸಿಕೊಂಡು ಸುಮ್ಮನಿದ್ದ ಉಳಿದ ಮೂವರಿಗೂ ಈ ಮಾತು ಸೇರಬೇಕು. ಮ್ಯೂಟ್ ಮಾಡಿ, ರಿಪೋರ್ಟ್ ಮಾಡಿ, "ಬಿಡೋ, ಆಟ ಆಡು" ಎಂದಾದರೂ ಒಬ್ಬರು ಹೇಳಿ.

ಮಳೆಗಾಲ ಹತ್ತಿರ ಬಂದರೆ ನಮ್ಮ ಕಡೆಯ ಕಷ್ಟ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೂಡಿಗೆರೆ, ಕಳಸ, ಸಕಲೇಶಪುರದಲ್ಲಿ ಒಂದು ಮರ ಬಿದ್ದರೆ ಕರೆಂಟೂ ಹೋಯಿತು, ಫೈಬರ್ ಲೈನೂ ಹೋಯಿತು. ನಾಲ್ವರು ಐವರೆದುರು ಆಡಬೇಕಾಗುತ್ತದೆ. ಪಂದ್ಯದ ಆರಂಭದಲ್ಲೇ ಒಬ್ಬರು ಇಲ್ಲವಾದರೆ ರೀಮೇಕ್‌ಗೆ, ಅಂದರೆ ಪಂದ್ಯ ರದ್ದು ಮಾಡಲು ಮತ ಹಾಕಬಹುದು, ನಡುವೆ ಹೋದರೆ ಆ ದಾರಿಯೂ ಇಲ್ಲ. ಬಿಟ್ಟುಹೋದವರ ಮೇಲೆ ಪೆನಾಲ್ಟಿ ಬೀಳುತ್ತದೆ, ಸೋತರೆ ಉಳಿದವರ ರ‍್ಯಾಂಕ್ ಇಳಿಯುತ್ತದೆ. ತೋಟದ ಮನೆಯಲ್ಲಿ ಕತ್ತಲಲ್ಲಿ ಕೂತ ಹುಡುಗನನ್ನು ವಾಟ್ಸಾಪ್ ಗುಂಪಿನಲ್ಲಿ ಉಗಿಯುವುದರಿಂದ ಲೈನ್ ಬರುವುದಿಲ್ಲ. ಗಾಳಿ ಮಳೆ ಜೋರಿದ್ದ ಸಂಜೆ ರ‍್ಯಾಂಕ್ ಪಂದ್ಯ ಬಿಟ್ಟು ಬೇರೆ ಮೋಡ್ ಆಡೋಣ ಎಂದು ನಾನು ಕೇಳಿಕೊಳ್ಳುತ್ತೇನೆ. ಕೆಫೆ ನಡೆಸುವವರಲ್ಲಿ ವಿನಂತಿ: ಕಂಪ್ಯೂಟರಿಗೆ ಯುಪಿಎಸ್ ಹಾಕಿಸಿದ್ದೀರಿ, ರೂಟರಿಗೂ ಹಾಕಿಸಿ. ಕರೆಂಟ್ ಹೋದಾಗ ಪರದೆ ಉರಿಯುತ್ತಿರುತ್ತದೆ, ನೆಟ್ ಸತ್ತಿರುತ್ತದೆ. ಗಂಟೆಗೆ ದುಡ್ಡು ಕೊಟ್ಟು ಕೂತವರಿಗೆ ಅದು ಮೋಸವೇ. ಹುಡುಗಿಯರು ಬಂದರೆ ಮೂಲೆಯ ಸೀಟು ತೋರಿಸಿ ಕೂರಿಸಬೇಡಿ. ಸಾಲಿನ ನಡುವೆ, ಬೆಳಕಿರುವ ಕಡೆ, ತಂಡದ ಜೊತೆಗೇ ಕೂರಲು ಜಾಗ ಮಾಡಿಕೊಡಿ.

ಕಡೆಯದಾಗಿ ಫೆಸ್ಟ್ ಸಮಿತಿಗಳಿಗೆ. ಹಾಸನದ ಒಂದು ಕಾಲೇಜಿನಲ್ಲಿ ನಾನು ನೋಡಿದ ಪಂದ್ಯಾವಳಿಯಲ್ಲಿ ಎರಡೂ ತಂಡಗಳನ್ನು ಒಂದೇ ಲ್ಯಾಬಿನಲ್ಲಿ ಎದುರುಬದುರು ಕೂರಿಸಿದ್ದರು. ಪ್ರೇಕ್ಷಕರು ಇಬ್ಬರ ಬೆನ್ನ ಹಿಂದೆಯೂ ನಿಂತಿದ್ದರು. "ಬಿ ಕಡೆ ಬರ್ತಿದಾರೆ" ಎಂದು ಅವರು ಕೂಗಿದ್ದು ಹೆಡ್‌ಫೋನ್ ಹಾಕಿದವರಿಗೂ ಕೇಳಿತು. ಸೆಮಿಫೈನಲ್ ಹೊತ್ತಿಗೆ ಸಮಯ ಸಾಲದೆ 13 ಸುತ್ತು ಗೆಲ್ಲಬೇಕಾದ ಪಂದ್ಯವನ್ನು ಸ್ವಿಫ್ಟ್‌ಪ್ಲೇ ಎಂಬ ಚಿಕ್ಕ ಮೋಡ್‌ಗೆ ಇಳಿಸಿದರು. ಅದರಲ್ಲಿ ಐದು ಸುತ್ತು ಗೆದ್ದರೆ ಮುಗಿಯಿತು, ಕ್ರೆಡಿಟ್ ಲೆಕ್ಕವೇ ಬೇರೆ. ಅದಕ್ಕೆ ಸಿದ್ಧವಾಗಿ ಬಂದ ತಂಡ ಒಂದೂ ಇರಲಿಲ್ಲ. ಬೇಲೂರಿನಿಂದ ಬೆಳಗಿನ ಬಸ್ಸಿಗೆ ಬಂದ ಹುಡುಗರು ಒಬ್ಬ ತೀರ್ಪುಗಾರನನ್ನೂ ಕಾಣದೆ ವಾಪಸಾದರು. ಲ್ಯಾಬಿನ ಹೊರಗೆ ಸೋಲು ಗೆಲುವಿನ ಮೇಲೆ ನೋಟುಗಳು ಕೈ ಬದಲಿಸುತ್ತಿದ್ದದ್ದನ್ನೂ ನೋಡಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಸ್ಪರ್ಧಾತ್ಮಕ ಆಟವೆಂದು ಗುರುತಿಸಿದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ನಮ್ಮ ಆಟಕ್ಕೆ ಸಿಕ್ಕ ಆ ಮರ್ಯಾದೆಯನ್ನು ಕಾಲೇಜು ಕಾರಿಡಾರಿನಲ್ಲಿ ಬೆಟ್ಟಿಂಗ್ ಕಟ್ಟಿ ಕಳೆಯಬೇಡಿ.

ಹಾಗಾಗಿ ಬರುವ ಫೆಸ್ಟ್‌ನ ನಿಯಮ ಅಚ್ಚಾಗುವ ಮೊದಲು ಇವಿಷ್ಟನ್ನು ದಯವಿಟ್ಟು ಸೇರಿಸಿ. ಎರಡು ತಂಡಗಳಿಗೆ ಎರಡು ಕೋಣೆ. ಕೋಣೆ ಒಂದೇ ಇದ್ದರೆ ಪ್ರೇಕ್ಷಕರು ಹೊರಗೆ, ಅವರಿಗೆ ಪ್ರೊಜೆಕ್ಟರಿನಲ್ಲಿ ತಡಮಾಡಿ ತೋರಿಸುವ ಏರ್ಪಾಡು. ತಂಡ ಕಡಿಮೆಯಾದರೂ ಪರವಾಗಿಲ್ಲ, ಪ್ರತಿ ಪಂದ್ಯವೂ 13 ಸುತ್ತು ಗೆಲ್ಲುವ ತನಕ ಪೂರ್ತಿ ನಡೆಯಲಿ. ಆಟ ಬಲ್ಲ ಒಬ್ಬ ತೀರ್ಪುಗಾರ, ಮೈಕಿನಲ್ಲಿ ಬೈದವರಿಗೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ತಂಡ ಹೊರಕ್ಕೆ. ಹುಡುಗಿಯರಿಗೆ ಬೇರೆ ಪಂದ್ಯಾವಳಿ ಬೇಡ. ಅದೇ ಪಟ್ಟಿಯಲ್ಲಿ ಅವರ ಹೆಸರೂ ಬರಲಿ. ಆಟಗಾರರಲ್ಲಿ ನಾನು ಕೇಳುವುದು ಇನ್ನೂ ಸಣ್ಣದು: ಎರಡನೇ ಸುತ್ತಿಗೆ ಮೊದಲು "ಸೇವಾ, ಬೈಯಾ?" (ಉಳಿಸುವುದಾ, ಕೊಳ್ಳುವುದಾ) ಎಂದು ಒಬ್ಬರು ಕೇಳಿ, ಐವರೂ ಉತ್ತರ ಕೊಟ್ಟ ಮೇಲೆ ಅಂಗಡಿಯಲ್ಲಿ ಕೈಯಾಡಿಸಿ.

ನಿಯಮ ಬರೆಯಲು, ತೀರ್ಪುಗಾರರಾಗಿ ಕೂರಲು ಜನ ಸಾಲದಿದ್ದರೆ ನಾನೂ ನನ್ನ ತಂಡದವರೂ ಬರುತ್ತೇವೆ, ಸಂಭಾವನೆ ಬೇಡ. ಭಾನುವಾರವಾದರೆ ಮೆಡಿಕಲ್ ಸ್ಟೋರ್‌ನವರಿಗೂ ಅನುಕೂಲ.

ಇಂತಿ ವಿಶ್ವಾಸದಿಂದ,
ಹಾಸನದ ಒಬ್ಬ ಓಮೆನ್ ಆಟಗಾರ್ತಿ